ಕಾಟರ್ ಪಿನ್ನಿನ ಕುಂಕುಮ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ವಯಸ್ಸಾದ ಮೇಲೆ ಒಂದಿಷ್ಟು ಕೆಳಗಿಳಿದಿದೆ ಎಂದು ಮನೆಯವರು ಹೇಳುತ್ತಾರೆ, ಇದ್ದರೂ ಇರಬಹುದು. ಎಪ್ಪತ್ತರ ದಶಕದಲ್ಲಿ ಆ ಸಿಟ್ಟಿನ ಭರದಲ್ಲಿ ಟಿಕೋಟಾದ ಒಬ್ಬ ಮನುಷ್ಯನಿಗೆ ನಾನು ಮಾಡಿದ್ದು ಮಾತ್ರ ಇಳಿದಿಲ್ಲ. ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಗ ನಾನು ಟಿಕೋಟಾದಲ್ಲಿ ಸಾಲಿ ಮಾಸ್ತರ. ಅವ್ವ ಇದ್ದದ್ದು ವಿಜಾಪುರದ ಮಗ್ಗುಲಿನ ಇಟ್ಟಂಗಿಹಾಳದಲ್ಲಿ. ಶನಿವಾರ ಸಾಲಿ ಬಿಟ್ಟ ಕೂಡಲೇ ಸೈಕಲ್ ಹತ್ತುತ್ತಿದ್ದೆ. ವಿಜಾಪುರದಲ್ಲಿ ಯಾರೋ ಓಡಿಸಿ ಬಿಟ್ಟಿದ್ದನ್ನು ಕೊಂಡ ಹಳೇ ಸೈಕಲ್ ಅದು. ಎಲ್ಲ ಗಟ್ಟಿ, ಎಡಗಡೆಯ ಕ್ರ್ಯಾಂಕ್ ಒಂದು ಬಿಟ್ಟು. ಕ್ರ್ಯಾಂಕ್ ಅಂದರೆ ಪೆಡಲನ್ನು ಹಿಡಿದಿರುವ ಕಬ್ಬಿಣದ ತೋಳು. ಬೆರಳುದ್ದದ ಒಂದು ಬೆಣೆ ಅದನ್ನು ಅಚ್ಚಿಗೆ ಕಚ್ಚಿಸಿ ಹಿಡಿಯುತ್ತದೆ, ಅದೇ ಕಾಟರ್ ಪಿನ್ನು. ನನ್ನ ಸೈಕಲ್ಲಿನಲ್ಲಿ ಅದು ನಾಲ್ಕು ದಿನಕ್ಕೊಮ್ಮೆ ಸಡಿಲಾಗುತ್ತಿತ್ತು. ಒಂದೊಂದು ಸುತ್ತಿಗೂ ಕಾಲ ಕೆಳಗೆ ಕಟಕ್ ಅನ್ನುತ್ತಿತ್ತು. ಅಳ್ಳಾಡುವ ಹಲ್ಲಿಗೆ ನಾಲಿಗೆ ಹೋಗುವಂತೆ ನನ್ನ ಲಕ್ಷ್ಯವೆಲ್ಲ ಅಲ್ಲಿಗೇ ಹೋಗುತ್ತಿತ್ತು.

ಟಿಕೋಟಾದ ಬಸ್ ನಿಲ್ಲುವಲ್ಲಿ ಬೇವಿನ ಗಿಡದ ಕೆಳಗೆ ಒಬ್ಬ ಸೈಕಲ್ ಮಿಸ್ತ್ರಿಯ ಅಂಗಡಿ. ಸಾಬರ ಪೈಕಿ, ನನಗಿಂತ ಹದಿನೈದು ವರ್ಷ ಹಿರಿಯ, ಮಾತು ಕಡಿಮೆ. ದಸರೆಗೆ ಮುಂಚೆ ಆತ ಹೊಸ ಪಿನ್ನನ್ನು ಅರದಿಂದ ಉಜ್ಜಿ ಉಜ್ಜಿ ಹದಕ್ಕೆ ತಂದು ಕೂಡಿಸಿದ.

"ಹೊಸಾ ಪಿನ್ನು ಹೊಸಾ ಸೊಸಿ ಇದ್ದಂಗ ಮಾಸ್ತರ್ರ, ಕುಂದ್ರಾಕ ವ್ಯಾಳ್ಯಾ ಬೇಕು. ಎಂಟು ದಿನ ಓಡಿಸಿ ತರ್ರಿ, ಇನ್ನೊಂದು ಪೆಟ್ಟು ಹಾಕ್ತೇನಿ. ನೀವು ಮಾತ್ರ ಕೈ ಹಚ್ಚಬ್ಯಾಡ್ರಿ."

ಕೈ ಹಚ್ಚಬೇಡ ಎಂದರೆ ನನ್ನ ಕೈ ಸುಮ್ಮನಿರುತ್ತದೆಯೇ? ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಊರಿಗೆ ಹೋದವನು ಅಂಗಳದಲ್ಲಿ ಸೈಕಲ್ ಮಲಗಿಸಿ ಕುಳಿತೆ. ಪೂಜೆಗೆ ಲಕಲಕ ಹೊಳೆಯಬೇಕು ಎಂಬ ಹುಕಿ. ಕ್ರ್ಯಾಂಕನ್ನೂ ಬಿಡಲಿಲ್ಲ. ಪಿನ್ನನ್ನು ಗುಂಡುಕಲ್ಲಿನಿಂದ ಬಡಿದು ಹೊರಗೆ ತೆಗೆದೆ, ತೊಳೆದೆ, ಕುಸುಬಿ ಎಣ್ಣೆ ಹಚ್ಚಿದೆ. ಕುಡುಗೋಲು, ಕೊಡಲಿಗಳ ಜೊತೆ ಅದನ್ನೂ ಇಟ್ಟು ಕುಂಕುಮ ಏರಿಸಿ, ಮತ್ತೆ ಕಲ್ಲಿನಿಂದಲೇ ಬಡಿದು ಕೂಡಿಸಿದೆ.

"ಯಪ್ಪಾ, ಸಾಲಿ ಬಿಟ್ಟು ಮಿಸ್ತ್ರಿಕಿ ಹಿಡದೀಯೇನು?" ಎಂದು ಅವ್ವ ನಕ್ಕಳು.

ಹಬ್ಬ ಮುಗಿಸಿ ಟಿಕೋಟಾಕ್ಕೆ ಬಂದಾಗ ಮಿಸ್ತ್ರಿಗೂ ಬನ್ನಿ ಕೊಟ್ಟೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದೆ. ಆತ ಎರಡೂ ಕೈಯಿಂದ ತೆಗೆದುಕೊಂಡು, "ಪಿನ್ನು ನೋಡ್ಲೇನ್ರಿ?" ಎಂದ. ನಾನೇ ಮಾಡಿದ ಕೆಲಸವಲ್ಲವೇ? "ಛಲೋ ಅದ ಬಿಡ್ರಿ" ಎಂದು ಹೊರಟುಬಿಟ್ಟೆ.

ಮೂರನೆಯ ದಿನ ಬಬಲೇಶ್ವರದಲ್ಲಿ ಮಾಸ್ತರರ ಮೀಟಿಂಗು. ಅರ್ಧ ದಾರಿಯಲ್ಲಿ ಕ್ರ್ಯಾಂಕ್ ಗಿರಗಿರ ತಿರುಗಿ ಪೆಡಲು ಕೈಕೊಟ್ಟಿತು. ಬಿಳಿ ಧೋತರ ಮೇಲೆ ಕಟ್ಟಿ, ಬಿಸಿಲಲ್ಲಿ ಸೈಕಲ್ ದಬ್ಬಿಕೊಂಡು ಹೋಗಿ ಮುಟ್ಟುವಷ್ಟರಲ್ಲಿ ಮೀಟಿಂಗು ಅರ್ಧ ಮುಗಿದಿತ್ತು. ಸಾಲಿ ತಪಾಸಣೆಯ ಸಾಹೇಬರು ಎಲ್ಲರ ಮುಂದೆ, "ಬರ್ರಿ, ನಿಮ್ಮ ಸಲುವಾಗೇ ಕುಂತೇವಿ" ಎಂದರು. ಎಲ್ಲರೂ ನಕ್ಕರು. ಆ ನಗೆಯನ್ನು ನಾನು ಗಂಟು ಕಟ್ಟಿಕೊಂಡು ಟಿಕೋಟಾಕ್ಕೆ ತಂದೆ.

ಅಂದು ಅಲ್ಲಿ ಸಂತೆ. ಘೋಣಸಗಿಯಿಂದ ಬಂದ ರೈತರು ತಮ್ಮ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಹೋದವನೇ ಸೈಕಲ್ಲನ್ನು ಮಿಸ್ತ್ರಿಯ ಮುಂದೆ ಕೆಡವಿದೆ.

"ಹಳೇ ಪಿನ್ನಿಗೆ ಅರ ತಿಕ್ಕಿ ಹೊಸಾದು ಅಂತ ಹಾಕ್ತೀಯೇನು? ಕಳ್ಳ ಕಸಬು ಎಷ್ಟು ದಿನದಿಂದ ನಡಸೀಯೋ?"

ನಿನ್ನೆ ಮೊನ್ನೆಯವರೆಗೂ 'ರಿ' ಅನ್ನುತ್ತಿದ್ದ ಬಾಯಿ ಅದು. ಮಿಸ್ತ್ರಿ ಬಗ್ಗಿದ. ಸಡಿಲಾಗಿದ್ದ ಪಿನ್ನನ್ನು ಎರಡೇ ಬೆರಳಿಂದ ಹೊರಗೆಳೆದು ನೋಡಿದ. ಆಮೇಲೆ ನನ್ನನ್ನು ನೋಡಿದ. ಏನೂ ಹೇಳದೆ ಪಿನ್ನನ್ನು ಇದ್ದಲ್ಲೇ ಇಟ್ಟ. ಮೌನಂ ಸಮ್ಮತಿ ಲಕ್ಷಣಂ ಎಂದು ನಾನು ಗೆದ್ದವನ ಹಾಗೆ ಸೈಕಲ್ ಎತ್ತಿಕೊಂಡೆ. "ಮಾಸ್ತರ ಸುಳ್ಳ ಹೇಳ್ತಾರೇನು?" ಎಂದು ಹಿಂದೆ ಯಾರೋ ಅಂದದ್ದು ಕೇಳಿಸಿತು. ನಿಜ ಹೇಳುತ್ತೇನೆ, ಕೇಳಿ ಹಿಗ್ಗಿದೆ.

ಮರುದಿನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ವಿಜಾಪುರಕ್ಕೆ ಒಯ್ದೆ. ಅಲ್ಲಿಯ ಮಿಸ್ತ್ರಿ ಪಿನ್ನು ತೆಗೆದು ಬೆರಳಲ್ಲಿ ಒರೆಸಿದ. ಬೆರಳು ಕೆಂಪಾಯಿತು.

"ಯಾರ್ರೀ ಇದನ್ನ ಬಿಚ್ಚಿ ಎಣ್ಣಿ, ಕುಂಕುಮ ಹಚ್ಚಿದವ್ರು? ಬೆಣಿಗೆ ಎಣ್ಣಿ ಹಚ್ಚಿದ್ರ ನಿಂದರತದೇನ್ರಿ? ಪಿನ್ನೇನೋ ಹೊಸಾದ ಐತಿ. ಹಾಕಿದಾವ ಭಾಳ ಛಲೋ ಅರ ಹೊಡದಾನ. ಕಲ್ಲಿಲೆ ಬಡದು ಕೆಡಿಸ್ಯಾರ."

ನಿಂತಲ್ಲೇ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. "ಯಾರೋ ಹುಡುಗರು ಮಾಡ್ಯಾರ" ಎಂದೆ. ಅಲ್ಲಿಯೂ ಸುಳ್ಳು. ಆತ ಎಣ್ಣೆ ಒರೆಸಿ, ಅರ ಹೊಡೆದು ಅದೇ ಪಿನ್ನನ್ನು ಮತ್ತೆ ಕೂಡಿಸಿಕೊಟ್ಟ.

ಮುಂದಿನ ಸಂತೆಯ ತನಕ ನಿದ್ದೆ ಸರಿಯಾಗಿ ಹತ್ತಲಿಲ್ಲ. ತಪ್ಪು ಮಾಡಿದವರು ಎದ್ದು ನಿಂತು ಒಪ್ಪಿಕೊಳ್ಳಬೇಕು ಎಂದು ಹುಡುಗರಿಗೆ ಛಡಿ ತೋರಿಸುತ್ತಿದ್ದವನು ನಾನೇ. ಮಂದಿಯ ಮುಂದೆ ಬೈದದ್ದನ್ನು ಮಂದಿಯ ಮುಂದೆಯೇ ವಾಪಸು ತೆಗೆದುಕೊಳ್ಳಬೇಕು ಎಂದು ಗಟ್ಟಿ ಮನಸ್ಸು ಮಾಡಿ ಹೊರಟೆ.

ಬೇವಿನ ಗಿಡದ ಕೆಳಗೆ ಆವತ್ತು ಎರಡೇ ಸೈಕಲ್ಲುಗಳಿದ್ದವು. ಘೋಣಸಗಿಯವರವೆಲ್ಲ ಎದುರಿನ ಹೊಸ ಸೈಕಲ್ ಅಂಗಡಿಯ ಮುಂದೆ ನಿಂತಿದ್ದವು. ಅಲ್ಲಿಂದಲೇ ಹತ್ತು ಮಂದಿ ನನ್ನತ್ತ ತಿರುಗಿ ನೋಡಿದರು. ಮಿಸ್ತ್ರಿ ಎದ್ದು ನಿಂತ. ನಾನು ಬಾಯಿ ತೆರೆದೆ.

"ಗಾಳಿ ಹಾಕಬೇಕಿತ್ತು" ಎಂದೆ.

ಆತ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿನಿಂದ ಗಾಲಿ ಒತ್ತಿದ. ಗಾಲಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆದರೂ ಪಂಪು ತಂದು ನಾಲ್ಕು ಸಲ ಒತ್ತಿದ. ಹತೋಡಿ ತೆಗೆದುಕೊಂಡು ಪಿನ್ನಿಗೆ ಒಂದು ಪೆಟ್ಟು ಹಾಕಿದ, ಕೊಡುತ್ತೇನೆಂದಿದ್ದ ಆ ಇನ್ನೊಂದು ಪೆಟ್ಟು. ತಲೆ ಎತ್ತದೆ, ನನಗಷ್ಟೇ ಕೇಳುವಂತೆ ಹೇಳಿದ:

"ಅವತ್ತ ಕುಂಕುಮ ನೋಡಿದ್ನಿರಿ. ನೀವು ಸಾಲಿ ಮಾಸ್ತರ್ರು. ಅಷ್ಟು ಮಂದಿ ಮುಂದ ನಿಮಗ ಹೆಂಗ ಹೇಳ್ಲಿ?"

ಎದುರಿನವರು ಇನ್ನೂ ನೋಡುತ್ತಲೇ ಇದ್ದರು. ಒಂದು ಮಾತು ಸಾಕಿತ್ತು. ನಾನು ಸೈಕಲ್ ಹತ್ತಿದೆ. ಮನೆ ಮುಟ್ಟುವವರೆಗೂ ಪೆಡಲು ಒಂದು ಚೂರೂ ಅಳ್ಳಾಡಲಿಲ್ಲ.