ಚಿಕ್ಕಮ್ಮ ಮದ್ದು ಅಳೆಯುವ ಹೊತ್ತು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪದಗಳೂ ಅಷ್ಟಕ್ಕಷ್ಟೇ. ದಯವಿಟ್ಟು ಬೇಸರಿಸದೆ ಓದಿಕೊಳ್ಳಿ.

ನಮ್ಮ ಚಿಕ್ಕಮ್ಮ ಬೇಟೆಗಾರ್ತಿ. ನಳಿಗೆಯ ಬಾಯಿಯಿಂದಲೇ ಮದ್ದು, ಗುಂಡು ತುಂಬುವ ಹಳೇ ಕೋವಿಯೆಂದರೆ ಅವಳಿಗೆ ಪ್ರಾಣ. ದಿನವಿಡೀ ವಟಗುಟ್ಟುವವಳು ಮದ್ದು ಅಳೆಯಲು ಕೂತರೆ ಮಾತ್ರ ತುಟಿ ಬಿಚ್ಚುವುದಿಲ್ಲ. ಮಾತಿನ ಕಡೆ ಮನಸ್ಸು ಹರಿದರೆ ಅಳತೆ ತಪ್ಪೀತೆಂಬ ಭಯ ಅವಳಿಗೆ. ಚಿಕ್ಕಪ್ಪ ತನ್ನ ತಪ್ಪುಗಳನ್ನೆಲ್ಲ ಒಪ್ಪಿಕೊಳ್ಳುವುದು ಆ ಹೊತ್ತಿನಲ್ಲೇ. ಬೈಗುಳ ತಪ್ಪುವುದಿಲ್ಲ, ಆದರೆ ಸ್ವಲ್ಪ ಆರಿ ತಣ್ಣಗಾಗಿ ಬರುತ್ತದೆ.

ಇವತ್ತು ಬೆಳಿಗ್ಗೆ ಅವಳು ಜಗಲಿಯಲ್ಲಿ ಕೂತು, ನಳಿಗೆಗೆ ಮದ್ದು ಸುರಿದು, ಗುಂಡನ್ನು ಕೈಗೆತ್ತಿಕೊಂಡಿದ್ದಳು. ಚಿಕ್ಕಪ್ಪ ಮೆಲ್ಲಗೆ ಕೆಮ್ಮಿದ.

"ನಿನ್ನ ಛತ್ರೀನ ಬಸ್ಸಲ್ಲೇ ಬಿಟ್ಟು ಬಂದೆ ಕಣೇ."

ಚಿಕ್ಕಮ್ಮ ಕಣ್ಣಲ್ಲೇ ಸುಟ್ಟಳು.

"ಆಮೇಲೆ, ಡಬ್ಬೀಲಿ ನಿನ್ನ ಕರಿಮದ್ದು ತಳ ಕಂಡಿತ್ತಲ್ಲ? ನಮ್ಮಣ್ಣನ ಹೊಸ ಕೋವಿಯ ಮದ್ದು ಬೆರೆಸಿ ತುಂಬಿಸಿಟ್ಟಿದ್ದೀನಿ. ಖುಷಿ ತಾನೇ?"

ಗುಂಡು ಅವಳ ಕೈಯಿಂದ ಜಾರಿ ಉರುಳಿತು. ಗುಂಡು ತುಂಬಿ ಕೋವಿಯ ಕುದುರೆ ಎಳೆದಿದ್ದರೆ, ಆ ಹೊಸ ಮದ್ದಿನ ರಭಸಕ್ಕೆ ಹಳೇ ನಳಿಗೆ ಅವಳ ಮುಖದೆದುರೇ ಸಿಡಿಯುತ್ತಿತ್ತು.

"ನನ್ನ ಮುಖಾನೇ ಹಾರಿಸ್ತಿದ್ರಲ್ಲ ರೀ!"

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. "ಹೇಳಿದ್ನಲ್ಲೇ..."

"ಹೇಳಿದ್ರಿ, ಛತ್ರಿ ಆದ್ಮೇಲೆ!"

ಅವಳು ನಳಿಗೆಯ ಮದ್ದನ್ನೆಲ್ಲ ಕೊಡವಿ ತೆಗೆದು, ಡಬ್ಬಿಯ ಮದ್ದಿನ ಜೊತೆ ನೀರಲ್ಲಿ ನೆನೆಹಾಕಿದಳು. ಚಿಕ್ಕಪ್ಪನ ಸ್ನಾನಕ್ಕೆ ಕಾಯಿಸಿದ್ದ ನೀರನ್ನು ನಳಿಗೆಗೆ ಸುರಿದು ತೊಳೆದಳು. ಬಿಸಿನೀರಾದರೆ ಕಬ್ಬಿಣ ಬೇಗ ಒಣಗಿ ತುಕ್ಕು ಹಿಡಿಯುವುದಿಲ್ಲವಂತೆ. ಚಿಕ್ಕಪ್ಪ ತಣ್ಣೀರಲ್ಲೇ ಮಿಂದ.

ಈಗ ನಳಿಗೆ ಒಣಗಿದೆ. ನಾನು ಹೋಗಿ ಅದಕ್ಕೆ ಎಣ್ಣೆ ಸವರುತ್ತೇನೆ.