ನೀರು ಕುಡಿಯದ ಹೆಂಗಸರು

ಶಿಗ್ಗಾಂವಿಯ ಆ ಜವಳಿ ಅಂಗಡಿಗೆ ಕೆಲಸಕ್ಕೆ ಸೇರಿದ ಮೊದಲ ದಿನ, ಮಧ್ಯಾಹ್ನ ಊಟದ ಹೊತ್ತಿಗೆ, ಅಲ್ಲಿ ಎಲ್ಲರಿಗಿಂತ ಹಳಬಳಾಗಿದ್ದ ಹೆಂಗಸಿನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

"ಅಕ್ಕಾ, ಇಲ್ಲಿ ಸಂಡಾಸ ಎಲ್ಲೈತ್ರಿ?"

ಆಕೆ ಡಬ್ಬಿಯಿಂದ ಕಣ್ಣೆತ್ತಲಿಲ್ಲ. "ಐತಿ. ನಮಗಲ್ಲ. ಮುಂಜಾನೆ ಮನಿ ಬಿಡೂ ಮುಂದ ಹೋಗಿ ಬಾ. ಇಲ್ಲಿಗೆ ಬಂದ ಮ್ಯಾಲ ನೀರ ಕುಡೀಬ್ಯಾಡ. ರೂಢಿ ಆಗತೈತಿ."

ನಾನು ನಕ್ಕೆ. ಹೊಸಬಳನ್ನು ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಆಕೆ ನಗಲಿಲ್ಲ.

ಸಂಡಾಸ ಇದ್ದದ್ದು ನಿಜ. ಹಿಂದಿನ ಗೋದಾಮಿನ ಮಗ್ಗುಲಲ್ಲಿ, ಬಿಳಿ ಟೈಲ್ಸ್ ಹಾಕಿಸಿದ, ಒಳ್ಳೆ ಸಂಡಾಸ. ಬಾಗಿಲಿಗೆ ಕೀಲಿ. ಮೇಲಿನ ಅಂತಸ್ತಿನಲ್ಲಿದ್ದ ಮಾಲಕರ ಮನೆಯವರು ಕೆಳಗೆ ಬಂದಾಗ ಬೇಕಾಗುತ್ತದೆ ಅಂತ ಕಟ್ಟಿಸಿದ್ದಂತೆ. ಗಂಡಸು ಕೆಲಸಗಾರರು ಹಿಂದಿನ ಗೋಡೆ ದಾಟಿ ಹೋಗಿ ಬರುತ್ತಿದ್ದರು. ಹೆಂಗಸರು ಹೋಗಲೇಬೇಕು ಅಂದರೆ ಬಸ್ ಸ್ಟ್ಯಾಂಡಿಗೆ ಹೋಗಬೇಕು. ಹೋಗುವ ಮುಂಚೆ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಅಪ್ಪಣೆ ಕೇಳಬೇಕು. ಮಾಲಕರು ಗಿರಾಕಿಗಳೆಲ್ಲ ಕೇಳುವ ಹಾಗೆ "ಎಲ್ಲಿಗೆ?" ಅನ್ನುತ್ತಿದ್ದರು. ಎಲ್ಲಿಗೆ ಅಂತ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಒಂದು ಸಲ ಹಾಗೆ ಕೇಳಿಸಿಕೊಂಡವಳು ಮತ್ತೆ ಕೇಳುತ್ತಿರಲಿಲ್ಲ.

ನಾನು ಬಂಕಾಪುರದವಳು. ಸಣ್ಣ ಮಗಳು ಶಾಲೆಗೆ ಹೋಗಲು ಸುರು ಮಾಡಿದ ಮೇಲೆ ಕೆಲಸ ಹುಡುಕಿದ್ದೆ. ಸೀರೆ ತೋರಿಸುವ ಕೆಲಸ ನನಗೆ ಮೊದಲ ದಿನದಿಂದಲೇ ಹಿಡಿಸಿತು. ಇಳಕಲ್ ಸೀರೆಯ ಸೆರಗನ್ನು ಗಿರಾಕಿಯ ಮುಂದೆ ಝಲ್ಲನೆ ಹರವಿದಾಗ ಅವರ ಮುಖದಲ್ಲಿ ಆಗುವ ಬದಲಾವಣೆ ನೋಡುವುದೇ ಒಂದು ಸುಖ. ಆದರೆ ಬೇಸಿಗೆಯಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಅದೇ ನಾಲಿಗೆಯಿಂದ "ಬರ್ರಿ, ಕುಂತ್ಕೋರ್ರಿ, ಈ ಬಣ್ಣ ನಿಮಗ ಭಾಳ ಒಪ್ಪತೈತಿ" ಅನ್ನಬೇಕು. ಗಿರಾಕಿ ಕುಳಿತ ಕೂಡಲೇ ಗಲ್ಲೆಯಿಂದ ಮಾಲಕರ ದನಿ ಬರುತ್ತಿತ್ತು, "ಏ, ಅವರಿಗೆ ತಣ್ಣನ ನೀರ ಕೊಡ್ರಿ." ದಿನವಿಡೀ ಮಂದಿಗೆ ನೀರು ಕೊಟ್ಟ ಕೈ ನಮ್ಮದು. ಕುಡಿಯಲು ಹೆದರುತ್ತಿದ್ದ ಬಾಯಿಯೂ ನಮ್ಮದೇ.

ಮೊದಲ ದಿನ ನನಗೆ ನೀರು ಕುಡೀಬ್ಯಾಡ ಅಂದಿದ್ದ ಆ ಅಕ್ಕ ಹತ್ತಿಮತ್ತೂರಿನಿಂದ ಸವಣೂರಿಗೆ ಬಂದು, ಅಲ್ಲಿ ಬಸ್ ಬದಲಿಸಿ ಶಿಗ್ಗಾಂವಿಗೆ ಬರುತ್ತಿದ್ದಳು. ವರ್ಷಾನುಗಟ್ಟಲೆ ಹೀಗೇ ಬಂದವಳು. ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳ ಮದುವೆ ಜವಳಿ ಆಕೆಯ ಕೈಯಿಂದಲೇ ಆಗಿತ್ತು. ಗಿರಾಕಿಗಳು ಒಳಗೆ ಬರುತ್ತಲೇ "ಆ ಅಕ್ಕಾರ ಎಲ್ಲಿ?" ಅಂತ ಕೇಳುತ್ತಿದ್ದರು. ಮದುವೆ ಸೀಜನ್ನಿನ ಒಂದು ದಿನ, ಅಂಗಡಿ ತುಂಬಿ ತುಳುಕುತ್ತಿದ್ದಾಗ, ಆಕೆಗೆ ಚಳಿ ಬಂತು. ಹೊರಗೆ ಬಿಸಿಲು ಸುಡುತ್ತಿತ್ತು, ಆಕೆ ಹಲ್ಲು ಕಡಿಯುತ್ತ ನಡುಗುತ್ತಿದ್ದಳು. ಸೊಂಟ ಹಿಡಿದುಕೊಂಡು ಸೀರೆಯ ರಾಶಿಗೆ ಒರಗಿದಳು. ಮಾಲಕರು ಗಲ್ಲೆಯಿಂದಲೇ ಕೂಗಿದರು, "ಹೊಸಾ ಮಾಲ ಮ್ಯಾಲೆ ಬೀಳಬ್ಯಾಡಬೇ!"

ನಾನೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹೆಂಗಸು. ಮೂತ್ರದ ಸೋಂಕು ಮೇಲಕ್ಕೇರಿ ಮೂತ್ರಪಿಂಡಕ್ಕೆ ತಾಗಿದೆ ಅಂದರು. "ನೀರು ಎಷ್ಟು ಕುಡೀತೀರಿ?" ಅಂತ ಕೇಳಿದರು.

ಅಕ್ಕ ಗೋಡೆಯ ಕಡೆ ಹೊರಳಿದಳು.

"ಕುಡಿಯಂಗಿಲ್ರಿ," ಅಂದೆ ನಾನು.

"ಯಾಕೆ?"

ಅಕ್ಕ ನನ್ನ ಕೈ ಹಿಂಡಿದಳು, ಹೇಳಬೇಡ ಅಂತ. ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದರು. "ನಿಮ್ಮಂಥವರು ಇಲ್ಲಿಗೆ ಭಾಳ ಮಂದಿ ಬರತಾರ. ಔಷಧ ಕೊಡತೇನಿ. ಆದರ ನೀರು ಕುಡೀಲಿಲ್ಲ ಅಂದರ ಔಷಧಕ್ಕೂ ಅರ್ಥ ಇಲ್ಲ ನೋಡ್ರಿ," ಅಂದರು.

ನಾಚಿಕೆಪಡಬೇಕಾದವರು ಯಾರು, ಪಡುತ್ತಿದ್ದವರು ಯಾರು! ಮಂಚದ ಮೇಲೆ ಮಲಗಿದ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಮಾಲಕರ ಮುಂದೆ ಹೋಗಿ ನಿಂತೆ. ಅವರು ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚುತ್ತಿದ್ದರು. ಆಸ್ಪತ್ರೆಯ ವಿಷಯ ಹೇಳಿದೆ. ಸಂಡಾಸದ ಕೀಲಿ ಹೆಣ್ಣುಮಕ್ಕಳ ಕೈಗೆ ಕೊಡಬೇಕು ಅಂದೆ.

"ಅದು ಮನ್ಯಾಗಿನವರದು," ಅಂದರು.

"ನಾವ ದಿನಾ ತೊಳೀತೇವಿ, ಸಾವಕಾರ್ರ."

"ಹೊಲಸ ಮಾಡತೀರಿ. ನಂಗೊತ್ತಿಲ್ಲೇನು? ಹೆಣಮಕ್ಕಳನ್ನ ಕೆಲಸಕ್ಕ ಇಟಗೊಂಡರ ಇದ ಹಣೇಬಾರ."

ಅಲ್ಲಿಯವರೆಗೆ ನನ್ನ ದನಿ ಮೆತ್ತಗಿತ್ತು. ಆಮೇಲೆ ಇರಲಿಲ್ಲ.

"ನಾವು ಮುಟ್ಟಿದ ಸೀರಿ ಹೊಲಸ ಆಗಂಗಿಲ್ಲ? ನಾವು ಬಿಚ್ಚಿ ತೋರಿಸಿ, ಮಡಚಿ ಇಟ್ಟಿದ್ದನ್ನ ನಿಮ್ಮ ಮನ್ಯಾಗಿನವರು ಉಟಗೊಂಡ ಹಬ್ಬ ಮಾಡತಾರಲ್ರಿ? ಅವಾಗ ನಮ್ಮ ಕೈ ಸ್ವಚ್ಛ ಇರತಾವು?"

ಮಾಲಕರು ನನ್ನನ್ನು ನೋಡಲಿಲ್ಲ. ಊದಿನಕಡ್ಡಿಯನ್ನು ಅರಿಸಿನದ ಮುದ್ದೆಗೆ ಚುಚ್ಚಿ, ಕೈಮುಗಿದು, ದೇವರ ಕಡೆಗೆ ಮುಖ ಇಟ್ಟುಕೊಂಡೇ ಹೇಳಿದರು, "ನಾಳಿಂದ ಬರಬ್ಯಾಡ."

ಇವತ್ತಿಂದಲೇ ಬರುವುದಿಲ್ಲ ಅಂತ ಚಪ್ಪಲಿ ಮೆಟ್ಟಿಕೊಂಡು ಇಳಿದೆ. ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾಲಕರ ಜೊತೆ ಜಗಳಾಡಿದೆ. ಹೇಳಬೇಕಾದ್ದು ಇನ್ನೂ ಅಷ್ಟೊಂದು ಉಳಿದಿತ್ತು.

ಆಮೇಲೆ ಸವಣೂರಿನಲ್ಲಿ ಒಂದು ಅಂಗಡಿ ಸಿಕ್ಕಿತು. ಶಿಗ್ಗಾಂವಿಯ ಅಂಗಡಿಯ ಒಂದು ಮೂಲೆಯಷ್ಟೇ ಇತ್ತು ಅದು. ನಡೆಸುತ್ತಿದ್ದವರು ಮೊದಲು ಮನೆಯಲ್ಲಿ ಕುಪ್ಪಸ ಹೊಲಿದು ಕೊಡುತ್ತಿದ್ದ ಹೆಂಗಸು. ಕುಪ್ಪಸದ ಕಣದ ಬಟ್ಟೆ ಮಾರುತ್ತ ಮಾರುತ್ತ ಸೀರೆಗೆ ಬಂದವರು. ಬಾಯಾರು ಅಂತ ಎಲ್ಲರೂ ಕರೆಯುತ್ತಿದ್ದರು. ಕೆಲಸ ಕೇಳಲು ಹೋದಾಗ ನನ್ನ ಅನುಭವ ಕೇಳಿದರು, ಪಗಾರ ಹೇಳಿದರು, ಆಮೇಲೆ ಎದ್ದು "ಬರ್ರಿ" ಅಂತ ಹಿಂದಕ್ಕೆ ಕರೆದುಕೊಂಡು ಹೋದರು. ಸಣ್ಣ ಸಂಡಾಸ. ತುಂಬಿದ ಬಕೀಟು, ಸಾಬೂನು, ಒಳಗಿನಿಂದ ಗಟ್ಟಿಯಾದ ಚಿಲಕ.

"ಹೋಗಬೇಕಾದಾಗ ಹೋಗಿ ಬರ್ರಿ. ನನ್ನ ಕೇಳಬ್ಯಾಡ್ರಿ," ಅಂದರು.

ನನಗೆ ಅಳು ಬಂತು. ಅವರಿಗೆ ಕಾಣದ ಹಾಗೆ ಮುಖ ತಿರುಗಿಸಿದೆ. ಮನೆಗೆ ಬಂದ ಮೇಲೆ ಸಿಟ್ಟು ಏರಿತು. ಒಂದು ಬಕೀಟು, ಒಂದು ಚಿಲಕ! ಇಷ್ಟಕ್ಕೆ ಕಣ್ಣೀರು ಬರುವ ಹಾಗೆ ನಮ್ಮನ್ನು ಮಾಡಿಟ್ಟಿದ್ದರಲ್ಲ!

ಅಕ್ಕ ಗುಣವಾದ ಮೇಲೆ ಆಕೆಯನ್ನೂ ಅಲ್ಲಿಗೇ ಕರೆತಂದೆ. ಬಂದ ಹೊಸದರಲ್ಲಿ ಆಕೆ ಹಿಂದಕ್ಕೆ ಹೋಗುವ ಮುಂಚೆ ಪ್ರತಿ ಸಲ ಬಾಯಾರ ಮುಖ ನೋಡುತ್ತಿದ್ದಳು. ನೀರಿನ ಗ್ಲಾಸು ಕೈಗೆ ಕೊಟ್ಟರೆ ಎರಡು ಗುಟುಕು ಕುಡಿದು ಇಟ್ಟುಬಿಡುತ್ತಿದ್ದಳು. ಬಾಯಾರು ಬೈಯುತ್ತಿದ್ದರು, "ಏನ ತೀರ್ಥ ತಗೊಂಡಂಗ ತಗೋತಿ? ಕುಡಿಯವಾ ಪೂರಾ!"

ಒಂದು ದಿನ ಹಾನಗಲ್ ಕಡೆಯ ಒಂದು ಕುಟುಂಬ ಬಂತು. ಅಜ್ಜಿ, ಮಗ, ಬಸುರಿ ಸೊಸೆ, ಮಕ್ಕಳು. ನಾಕು ಸೀರೆ ನೋಡಿ, ಉಳಿದ ಮದುವೆ ಜವಳಿಗೆ ಹುಬ್ಬಳ್ಳಿಗೆ ಹೋಗುವವರಿದ್ದರು. ಕುಳಿತಲ್ಲೇ ಅಜ್ಜಿ ಮಿಸುಕಾಡುವುದನ್ನು ಅಕ್ಕ ನೋಡಿದಳು. ಆ ಮಿಸುಕಾಟ ಆಕೆಗೆ ಗೊತ್ತಿಲ್ಲದ್ದೇ? ಯಾರಿಗೂ ತಿಳಿಯದ ಹಾಗೆ ಕೈಹಿಡಿದು ಹಿಂದಕ್ಕೆ ಕರೆದೊಯ್ದಳು. ಆಮೇಲೆ ಸೊಸೆ ಹೋದಳು, ಮಕ್ಕಳು ಹೋದವು. ತಿರುಗಿ ಬಂದ ಅಜ್ಜಿ ಗಾದಿಯ ಮೇಲೆ ಕಾಲು ಚಾಚಿ ಕುಳಿತು, "ಇನ್ನ ತೋರಸವಾ ನಿನ್ನ ಸೀರಿ," ಅಂತ ಅಕ್ಕನಿಗೆ ಅಂದು, "ಹುಬ್ಬಳ್ಳಿಗೆ ಹೋಗೂದ ಬ್ಯಾಡ," ಅಂತ ಮಗನಿಗೆ ಹೇಳಿಬಿಟ್ಟಳು. ಇಡೀ ಜವಳಿ ನಮ್ಮಲ್ಲೇ ಆಯಿತು. ಅವರ ಬೀಗರು ಬಂದರು. ಬೀಗರ ಬೀಗರು ಬಂದರು. ಅಕ್ಕನನ್ನು ಹುಡುಕಿಕೊಂಡು ಶಿಗ್ಗಾಂವಿಯ ಹಳೆಯ ಗಿರಾಕಿಗಳೂ ಬಂದರು. ಬಾಯಾರು ಮಗ್ಗುಲ ಮಳಿಗೆಯನ್ನೂ ಹಿಡಿದರು.

ಆ ಕಡೆ ಶಿಗ್ಗಾಂವಿಯಲ್ಲಿ ಹೊಸ ಹುಡುಗಿಯರು ಬರುತ್ತಿದ್ದರು, ಸೀರೆ ಎಲ್ಲಿದೆ ಅಂತ ತಿಳಿಯುವಷ್ಟರಲ್ಲಿ ಬಿಟ್ಟು ಹೋಗುತ್ತಿದ್ದರು. ಕಡೆಗೆ ಮಾಲಕರೇ ಸವಣೂರಿಗೆ ಬಂದರು. ನನ್ನ ಕಡೆ ನೋಡದೆ ನೇರವಾಗಿ ಅಕ್ಕನ ಮುಂದೆ ನಿಂತರು.

"ಪಗಾರ ಹೆಚ್ಚ ಮಾಡತೇನಿ. ಬಂದ ಬಿಡವಾ."

"ಆ ಸಂಡಾಸದ ಕೀಲಿ ತಗದೀರೇನ್ರಿ?" ಅಂತ ಅಕ್ಕ ಕೇಳಿದಳು. ಆಸ್ಪತ್ರೆಯಲ್ಲಿ ಮುಖ ಮುಚ್ಚಿಕೊಂಡಿದ್ದ ಅಕ್ಕ!

ಮಾಲಕರು ನಕ್ಕರು. "ಅದೊಂದ ದೊಡ್ಡ ಮಾತೇನ? ತಗದರಾತು."

"ಸಣ್ಣ ಮಾತಾಗಿದ್ದರ ಅವತ್ತ ತಗೀತಿದ್ರಿ," ಅಂದಳು ಅಕ್ಕ. ಆಮೇಲೆ ಗಿರಾಕಿಯ ಕಡೆ ತಿರುಗಿದಳು.

ಅವರು ಹೋದ ಮೇಲೆ ನಾವು ನಕ್ಕೆವು, ನಿಜ. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಅಕ್ಕನಿಗೆ ಈಗಲೂ ಆಗಾಗ ಆ ನೋವು ತಿರುಗಿ ಬರುತ್ತದೆ, ಗುಳಿಗೆ ನುಂಗುತ್ತಾಳೆ. ಅದಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ. ಬಾಯಾರ ವ್ಯಾಪಾರ ಬೆಳೆದದ್ದನ್ನು ಕಂಡವರು "ಆಕಿಗೆ ನಸೀಬ, ಒಳ್ಳೆ ಕೆಲಸದವರು ಸಿಕ್ಕಾರ" ಅನ್ನುತ್ತಾರೆ. ನಸೀಬ ಅಂತೆ! ನಾವೇ ಶಿಗ್ಗಾಂವಿಯಲ್ಲೂ ಇದ್ದೆವಲ್ಲ, ಆಗ ನಾವು ಒಳ್ಳೆಯವರಾಗಿರಲಿಲ್ಲವೆ? ಇನ್ನೂ ಒಂದು ಮಾತು. ಇದರಿಂದ ಲಾಭ ಇದೆ ಅಂದಾಗ ಮಾತ್ರ ಮಂದಿಯ ಕಿವಿ ನೆಟ್ಟಗಾಗುತ್ತವೆ. ಲಾಭ ಇದೆ, ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಒಂದು ಸೀರೆಯೂ ಹೆಚ್ಚಿಗೆ ಮಾರಾಟವಾಗದಿದ್ದರೂ ಆ ಬಾಗಿಲು ತೆರೆದಿರಬೇಕಾಗಿತ್ತು.

ಮೊನ್ನೆ ಹಿರೇಕೆರೂರಿನ ಒಬ್ಬ ಜವಳಿ ವ್ಯಾಪಾರಿ ಬಂದಿದ್ದರು, ಬಾಯಾರಿಗೆ ದೂರದ ಸಂಬಂಧ. ಒಳ್ಳೆಯ ಮಾತಿನ, ಮೆದು ಮನುಷ್ಯ. ಚಹಾ ಕುಡಿಯುತ್ತ, ಗಿರಾಕಿ ಹಿಂಗ ಬರಾಕ ಏನ ಮಾಡೀರಿ, ಮಾಲು ಸೂರತ್ತಿನ ಯಾವ ಏಜೆಂಟನ ಕಡೆಯಿಂದ ತರಿಸತೀರಿ ಅಂತ ಕೇಳಿದರು. "ಮೊದಲ ಸಂಡಾಸ ಕಟ್ಟಿಸಿದೆ," ಅಂದರು ಬಾಯಾರು. ವ್ಯಾಪಾರಿ ಚೇಷ್ಟೆ ಅಂದುಕೊಂಡು ಜೋರಾಗಿ ನಕ್ಕು, ಮತ್ತೆ ಏಜೆಂಟನ ಹೆಸರು ಕೇಳಿದರು.

ನನಗೆ ತಡೆಯಲಾಗಲಿಲ್ಲ. ಮಡಚುತ್ತಿದ್ದ ಸೀರೆ ಬಿಟ್ಟು ಎದ್ದು ನಿಂತೆ. "ನಿಮ್ಮ ಅಂಗಡ್ಯಾಗ ಹೆಣಮಕ್ಕಳು ಅದಾರೇನ್ರಿ?"

"ಅದಾರಲ್ಲ. ಭಾಳ ದಿನದಿಂದ ಅದಾರ. ಮನಿಯವರಂಗ."

"ಅವರು ಎಲ್ಲಿಗೆ ಹೋಗತಾರ್ರಿ?"

ಅವರ ನಗು ನಿಂತಿತು. ಸಿಟ್ಟಾಗಲಿಲ್ಲ. ನಿಜವಾಗಿಯೂ ಯೋಚಿಸಿದರು, ಕಪ್ಪು ಕೈಯಲ್ಲೇ ಹಿಡಿದುಕೊಂಡು, ಹುಬ್ಬು ಗಂಟಿಕ್ಕಿ.

"ಗೊತ್ತಿಲ್ಲವಾ," ಅಂದರು. "ಎಂದೂ ವಿಚಾರ ಮಾಡಿಲ್ಲ."

ಕೀಲಿ ಹಾಕಿಟ್ಟವನ ಮೇಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ.