ಕರಿಚೀಲದ ಕೊನೆಯ ಪಟ್ಟಿ

ಯೋಲಾಂಡಿ ಸ್ಲಿಂಗರ್ಸ್ ಚಿತ್ರ ಬಿಡಿಸುತ್ತಾಳೆ ಎಂದು ಊರಿನವರು ಹೇಳುತ್ತಿದ್ದರು. ಆ ಮಾತಿಗೆ ಅವಳಿಗೆ ಒಳಗೊಳಗೇ ನಗು. ಕುಂಚವನ್ನು ಅವಳು ಮುಟ್ಟಿದವಳೇ ಅಲ್ಲ. ಕಂಪ್ಯೂಟರಿಗೆ ಒಂದು ಸೂತ್ರ ಕೊಡುವಳು. ಅದು ತಾನೇ ಕಂಡುಕೊಂಡ ಉತ್ತರವನ್ನು ಮತ್ತೆ ತಾನೇ ನುಂಗಿ, ಇನ್ನೊಂದು ಉತ್ತರ ಕಕ್ಕಿ, ಅದನ್ನೂ ನುಂಗಿ, ಚುಕ್ಕೆ ಚುಕ್ಕೆಯಾಗಿ ಚಿತ್ರ ಹೆಣೆಯುವುದು. ಫ್ರ್ಯಾಕ್ಟಲ್ ಎಂದರೆ ಅಷ್ಟೇ. ಯಾವ ಮೂಲೆಯನ್ನು ಹಿಗ್ಗಿಸಿ ನೋಡಿದರೂ ಅಲ್ಲಿ ಇಡೀ ಚಿತ್ರವೇ ಮರಿ ಹಾಕಿಕೊಂಡು ಕೂತಿರುತ್ತದೆ.

ಕರೂ ಎಂಬ ಒಣ ಬಯಲಿನ ಆ ಚಳಿಯೂರಿಗೆ ಜನ ಬರುತ್ತಿದ್ದುದೇ ಆಕಾಶ ನೋಡಲು. ಗುಡ್ಡದ ಮೇಲಿನ ದೂರದರ್ಶಕದಲ್ಲಿ ಕಣ್ಣಿಟ್ಟು ಬಂದವರು ಮರುದಿನ ಯೋಲಾಂಡಿಯ ಚಿತ್ರ ಕೊಂಡು ಹೋಗುವರು: ಸುರುಳಿ ಸುತ್ತಿದ ನಕ್ಷತ್ರಧೂಳು, ಒಡೆದ ಸೂರ್ಯ, ಬೆಂಕಿಯ ಬಳ್ಳಿ. ಈ ಸಲ ಅತಿಥಿಗೃಹದ ಒಡತಿ ಇಡೀ ಗೋಡೆ ತುಂಬುವ ಚಿತ್ರ ಕೇಳಿದ್ದಳು. ಶಿಲುಬೆ ನಕ್ಷತ್ರಗಳ ಪಕ್ಕ, ಹಾಲುಹಾದಿಯ ನಡುವೆ, ಬೆಳಕನ್ನೇ ನುಂಗಿದಂತೆ ಕಾಣುವ ಕಪ್ಪು ಕಲೆಯಿದೆಯಲ್ಲ, ಕರಿಚೀಲ, ಅದರ ಚಿತ್ರ.

ಕಪ್ಪಿನದೇ ಕಷ್ಟ. ಬಣ್ಣದ ಚುಕ್ಕೆಯ ಲೆಕ್ಕ ಬೇಗ ಮುಗಿಯುತ್ತದೆ. ಕಪ್ಪು ಚುಕ್ಕೆಯ ಲೆಕ್ಕಕ್ಕೆ ಕೊನೆಯಿಲ್ಲ. ಕಂಪ್ಯೂಟರ್ ಸುತ್ತಿ ಸುತ್ತಿ ಸೋತು, ಇನ್ನು ನನ್ನಿಂದಾಗದು ಎಂದು ಕೈಬಿಟ್ಟ ಜಾಗವೇ ಕಪ್ಪು. ಸೋಮವಾರ ಶುರುವಾದ ಚಿತ್ರ ಗುರುವಾರದ ಹೊತ್ತಿಗೂ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಲೇ ಇತ್ತು. ಮುಗಿಯುವ ಮುನ್ನ ಕರೆಂಟು ಹೋದರೆ ಎಲ್ಲವೂ ಮೊದಲಿನಿಂದ. ಹಳೇ ಯಂತ್ರ, ಅರ್ಧ ಕೆಲಸವನ್ನು ಉಳಿಸಿಕೊಳ್ಳುವ ಬುದ್ಧಿ ಅದಕ್ಕಿರಲಿಲ್ಲ.

ಮನೆಯಲ್ಲಿ ಇನ್ವರ್ಟರ್ ಇತ್ತು. ಆದರೆ ಅದು ಔಮಾ ಕಟ್ರೀನಳದು. ಗಂಡ ಹೆಂಡ್ರಿಕ್‌ನ ಅಜ್ಜಿ, ಇಡೀ ಬೀದಿಗೇ ಔಮಾ. ಹರೆಯದಲ್ಲಿ ನೀಲಿ ಕಲ್ನಾರಿನ ಗಣಿಯಲ್ಲಿ ಕಲ್ಲು ಕುಟ್ಟಿದ್ದವಳು. ಆ ನಾರು ಈಗ ಅವಳ ಶ್ವಾಸಕೋಶದಲ್ಲಿ ಬೇರು ಬಿಟ್ಟಿತ್ತು. ಮೂಗಿಗೆ ಸಣ್ಣ ಕೊಳವೆ, ಕಾಲ ಬಳಿ ಗುರುಗುಡುವ ಆಮ್ಲಜನಕದ ಯಂತ್ರ. ಕರೆಂಟು ತೆಗೆದಾಗ ಆ ಯಂತ್ರ ನಿಲ್ಲಬಾರದೆಂದು ಮೊಮ್ಮಗ ಹೆಂಡ್ರಿಕ್ ಕುರಿ ಲಾರಿ ಓಡಿಸಿ ಗಳಿಸಿದ ದುಡ್ಡಲ್ಲಿ ಇನ್ವರ್ಟರ್ ತಂದಿದ್ದ. ಅವನೀಗ ಕುರಿಗಳ ಜೊತೆ ಎಲ್ಲೋ ದಾರಿಯಲ್ಲಿದ್ದ.

ಆ ಊರಲ್ಲಿ ಜನ ಸೂರ್ಯನನ್ನು ನಂಬದಿದ್ದರೂ ಫೋನಿಗೆ ಬರುವ ಕರೆಂಟಿನ ವೇಳಾಪಟ್ಟಿಯನ್ನು ನಂಬುತ್ತಿದ್ದರು. ಹೇಳಿದ ಗಳಿಗೆಗೆ ಹೋಗುತ್ತದೆ, ಹೇಳಿದ ಗಳಿಗೆಗೆ ಬರುತ್ತದೆ. ರೊಟ್ಟಿ ಬೇಯಿಸುವುದು, ತಲೆಗೆ ಎರೆದುಕೊಳ್ಳುವುದು, ನೆಂಟರನ್ನು ಕರೆಯುವುದು, ಎಲ್ಲವೂ ಅದರಂತೆ. ಆ ವಾರ ಅಲ್ಲಿಯವರೆಗೆ ಕರೆಂಟು ತೆಗೆದಿರಲಿಲ್ಲ; ಗುರುವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಕರೆಂಟಿಲ್ಲ ಎಂದಿತ್ತು. ಅಷ್ಟು ಹೊತ್ತು ಇನ್ವರ್ಟರ್ ಎರಡು ಯಂತ್ರಗಳನ್ನೂ ಎಳೆಯುತ್ತದೆ ಎಂದು ಯೋಲಾಂಡಿ ಲೆಕ್ಕ ಹಾಕಿದ್ದಳು. ಕಂಪ್ಯೂಟರಿನ ಪ್ಲಗ್ಗನ್ನು ಔಮಾಳ ಪ್ಲಗ್ಗಿನ ಪಕ್ಕಕ್ಕೆ ಸಿಕ್ಕಿಸಿದಳು.

"ನನ್ನ ಪಕ್ಕ ಯಾರನ್ನೋ ಮಲಗಿಸ್ತಿದ್ದೀಯಲ್ಲೇ," ಎಂದಳು ಔಮಾ ಕುರ್ಚಿಯಲ್ಲಿ ಕೂತೇ. "ಗಂಡಸಾದ್ರೂ ಆಗಿದ್ರೆ ಚೆನ್ನಾಗಿತ್ತು."

"ಎರಡು ಗಂಟೆ ಅಷ್ಟೇ ಔಮಾ."

"ಆ ಕರಿಚೀಲಾನೇ ಯಾಕೆ ಬೇಕಿತ್ತು ನಿಂಗೆ? ನಮ್ಮಮ್ಮ ಅದರ ಕಡೆ ಬೆರಳು ತೋರ್ಸೋಕೂ ಬಿಡ್ತಿರ್ಲಿಲ್ಲ."

"ನಾನು ಬೆರಳು ತೋರ್ಸ್ತಿಲ್ಲ, ಮೌಸ್ ಒತ್ತಿದೀನಿ."

"ಬಾಯಿ ನೋಡು ಇವಳ್ದು!" ಔಮಾ ನಗಲು ಹೋಗಿ ಕೆಮ್ಮಿದಳು. ಆ ಕೆಮ್ಮಿಗೆ ತೊಟ್ಟಿಲಲ್ಲಿದ್ದ ಮಗು ಬೆಚ್ಚಿತು. ಯೋಲಾಂಡಿ ಓಡಿ ಮಗುವಿನ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಹೆತ್ತಾಗಿನಿಂದ ಅವಳಿಗೆ ಅದೊಂದು ಚಟ: ಮಗು ಉಸಿರಾಡುತ್ತಿದೆಯೇ, ಈಗಲೂ ಆಡುತ್ತಿದೆಯೇ, ಈಗ?

ಕರೆಂಟು ಹೋಯಿತು. ಹೇಳಿದ ಹೊತ್ತು ಕಳೆಯಿತು. ಕರೆಂಟು ಬರಲಿಲ್ಲ.

ಹೊರಗೆ ಗಾಳಿ ತಗಡಿನ ಮೇಲೆ ಹಿಮದ ಹುಡಿ ಎರಚುತ್ತಿತ್ತು. ಪರದೆಯ ತಳದಲ್ಲಿ ಒಂದೇ ಒಂದು ಪಟ್ಟಿ ಬಾಕಿಯಿತ್ತು. ಕರಿಚೀಲದ ಹೊಟ್ಟೆಯೊಳಗೆ ಏನೋ ಮೂಡುತ್ತಿತ್ತು. ಯೋಲಾಂಡಿ ಯೋಚಿಸಿರದ, ಸೂತ್ರ ತಾನಾಗಿ ತಂದ ಒಂದು ಆಕಾರ. ನೆತ್ತಿ ಮಾತ್ರ ಕಂಡಿತ್ತು. ಉಳಿದದ್ದು ಕೆಳಗಿನ ಪಟ್ಟಿಯಲ್ಲಿ.

ಬ್ಯಾಟರಿ ಬತ್ತುತ್ತಿದೆ ಎಂದು ಇನ್ವರ್ಟರ್ ಕುಂಯ್ ಎಂದಿತು.

ಬೇಲಿಯಾಚೆಯಿಂದ ನೆರೆಯ ಅಪೋಲ್ಸ್ ಮುದುಕ, ಬೀದಿಗೆಲ್ಲ ಊಮ್, ಅಂದರೆ ದೊಡ್ಡಪ್ಪ, ಕೂಗಿದ. "ಯೋಲಾಂಡೀ! ಕಾಯ್ತಾ ಕೂರ್ಬೇಡ ಕಣೇ! ತಾಮ್ರದ ತಂತೀನೇ ಕುಯ್ಕೊಂಡು ಹೋಗಿದಾರೆ ಕಳ್ನನ್ಮಕ್ಳು. ನಾಳೆ ಆದ್ರೂ ಬಂದ್ರೆ ಪುಣ್ಯ. ಔಮಾ ಹೇಗಿದಾಳೆ?"

"ಚೆನ್ನಾಗಿದಾಳೆ ಊಮ್!"

ಹಾಗೆಂದು ಅವಳು ಔಮಾಳ ಕಡೆ ತಿರುಗಲಿಲ್ಲ. ಇನ್ನೊಂದು ನಿಮಿಷ ಎಂದುಕೊಂಡಳು. ಇನ್ವರ್ಟರ್ ಮತ್ತೆ ಕುಂಯ್‌ಗುಟ್ಟಿತು. ಕಂಪ್ಯೂಟರಿನ ಪ್ಲಗ್ಗಿನ ಮೇಲೆ ಕೈಯಿತ್ತು, ಕಣ್ಣು ಪಟ್ಟಿಯ ಮೇಲಿತ್ತು. ಇನ್ನೊಂದು ಸಾಲು. ಇನ್ನೊಂದೇ.

ಆಗ ಕೋಣೆ ಮೌನವಾಯಿತು. ಪರದೆಯೂ ಆರಿತು, ಯಂತ್ರದ ಗುರುಗುಡುವಿಕೆಯೂ ನಿಂತಿತು. ಕೇಳಿಸಿದ್ದು ಔಮಾಳ ಉಸಿರು ಮಾತ್ರ, ಒಡೆದ ಕೊಳಲಿನಲ್ಲಿ ಗಾಳಿ ಊದಿದಂತೆ.

"ಊಮ್ ಅಪೋಲ್ಸ್!" ಬಾಗಿಲಿಗೆ ಓಡಿದ ಯೋಲಾಂಡಿಯ ಕೂಗು ಅವಳಿಗೇ ಬೇರೆಯವರದೆನಿಸಿತು. "ಕ್ಲಿನಿಕ್‌ನಿಂದ ಸಿಲಿಂಡರ್ ತನ್ನಿ! ಬೇಗ!"

"ಈಗಷ್ಟೇ ಚೆನ್ನಾಗಿದಾಳೆ ಅಂದ್ಯಲ್ಲೇ!" ಎನ್ನುತ್ತಲೇ ಮುದುಕ ತನ್ನ ಗುಜರಿ ವ್ಯಾನಿನತ್ತ ಓಡಿದ.

ಅವನು ಬರುವವರೆಗೆ ಯೋಲಾಂಡಿ ಔಮಾಳನ್ನು ಎದೆಗೊರಗಿಸಿಕೊಂಡು ಕೂತಳು. ಔಮಾಳ ತುಟಿ ನೇರಳೆಗೆ ತಿರುಗಿತ್ತು. ಮುದುಕಿ ಕಣ್ಣು ಮುಚ್ಚಿರಲಿಲ್ಲ; ಬಾಗಿಲನ್ನೂ ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಉದ್ದಕ್ಕೂ ಯೋಲಾಂಡಿಯ ಮುಖವನ್ನೇ ನೋಡಿದಳು.

ಸಿಲಿಂಡರ್ ಬಂತು. ಔಮಾ ಉಳಿದಳು. ತಂತಿ ಜೋಡಿಸಿದರು, ಕರೆಂಟೂ ಬಂತು. ನಡೆದದ್ದನ್ನು ಔಮಾ ಯಾರಿಗೂ ಹೇಳಲಿಲ್ಲ, ಹೆಂಡ್ರಿಕ್‌ಗೂ ಹೇಳಲಿಲ್ಲ. ಕುರ್ಚಿಯನ್ನು ಮಾತ್ರ ಇನ್ವರ್ಟರಿನ ಎದುರಿಗೆ ಎಳೆಸಿಕೊಂಡಳು. ಗಳಿಗೆಗೊಮ್ಮೆ ತನ್ನ ಪ್ಲಗ್ಗನ್ನು ಮುಟ್ಟಿ ನೋಡುವಳು, ಯೋಲಾಂಡಿ ಮಗುವಿನ ಮೂಗನ್ನು ಮುಟ್ಟಿ ನೋಡುವಂತೆಯೇ.

ತಾನು ಕಾದೆ ಎಂಬುದಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ ಯೋಲಾಂಡಿಯನ್ನು ಹೆದರಿಸಿತು. ಔಮಾಳಿಗೆ ಗಂಜಿ ತಿನ್ನಿಸುವಾಗ, ಮಗುವಿಗೆ ಹಾಲೂಡುವಾಗ, ಆ ಕೆಳಗಿನ ಪಟ್ಟಿಯಲ್ಲಿ ಏನಿತ್ತು ಎಂದು ಮನಸ್ಸು ಒಂದೇ ಸಮನೆ ಕೇಳುತ್ತಿತ್ತು.

"ಮುಗೀತಾ ಅದು?" ಒಂದು ಬೆಳಿಗ್ಗೆ ಔಮಾ ಕೇಳಿದಳು.

"ಇಲ್ಲ ಔಮಾ. ಎಲ್ಲಾ ಹೋಯ್ತು."

"ಮತ್ತೆ ಶುರು ಮಾಡ್ತೀಯ."

ಅದು ಪ್ರಶ್ನೆಯಾಗಿರಲಿಲ್ಲ. ಪಕ್ಕದ ಕೋಣೆಗೆ ಒಯ್ದಿದ್ದ ಕಂಪ್ಯೂಟರಿನ ಫ್ಯಾನು ಆಗಲೇ ತಿರುಗುತ್ತಿತ್ತು. ಅದು ಔಮಾಳಿಗೆ ಕೇಳಿಸುತ್ತಿದೆ ಎಂದು ಯೋಲಾಂಡಿಗೆ ಗೊತ್ತಿತ್ತು.